ವೆಂಕಟಪ್ಪ ಆರ್ಟ್ ಗ್ಯಾಲರಿ: ದತ್ತು ಕೊಡಲು ಹೊರಟ ಕಥೆ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಕೆಂಪು ಮ್ಯೂಸಿಯಂ ಎಲ್ಲರಿಗೂ ಗೊತ್ತು. ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಶಾಲಾ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ಇವುಗಳ ನಡುವೆ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಮಾತ್ರ ದಾರಿ ತಪ್ಪಿ ಬಂದವರೇ ಜಾಸ್ತಿ. ಹಾಗಿದ್ದರೂ ಇದು ಯಾರದ್ದು ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಈಗ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ, ಅದಕ್ಕೇ ಸ್ವಲ್ಪ ಹಿಂದಿನಿಂದ ಶುರು ಮಾಡೋಣ.

ಕೆ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರಿನ ಚಿತ್ರಗಾರರ ಮನೆತನದಲ್ಲಿ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಚಿತ್ರಕಲೆ ಕಲಿತರು. ಮೈಸೂರು ಅರಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು, ಆ ಹುಚ್ಚಿನ ಮೇಲೆ ತಮ್ಮದೇ ಚಿತ್ರವನ್ನೂ ಬರೆದುಕೊಂಡರು. ಮದುವೆಯಾಗಲಿಲ್ಲ. ಊಟಿಯ ಮಂಜು, ಮೋಡ, ಕೆರೆಗಳನ್ನು ಜಲವರ್ಣದಲ್ಲಿ ಅವರು ಹಿಡಿದಿರುವುದನ್ನು ನೋಡಲು ಸುಮ್ನೆ ಅರ್ಧ ಗಂಟೆ ಬೇಕು, ಫೋನಿನಲ್ಲಿ ಫೋಟೋ ತೆಗೆದರೆ ಆ ಬಣ್ಣ ಬರುವುದಿಲ್ಲ.

1965ರಲ್ಲಿ ಅವರು ತೀರಿಕೊಂಡರು. ಸುಮಾರು ಹತ್ತು ವರ್ಷಕ್ಕೆ ಅವರ ಹೆಸರಿನ ಗ್ಯಾಲರಿಯ ಬಾಗಿಲು ತೆರೆಯಿತು. ವೆಂಕಟಪ್ಪನವರ ಕೃತಿಗಳ ಜೊತೆ ಮುಂದೆ ಕೆ.ಕೆ. ಹೆಬ್ಬಾರರ ಚಿತ್ರಗಳೂ ಬಂದವು. ಕಲಾವಿದರಿಗೆ ಹೆಚ್ಚು ಬೇಕಾಗಿದ್ದು ಇನ್ನೊಂದು: ಕಡಿಮೆ ಬಾಡಿಗೆಯ ಪ್ರದರ್ಶನ ಹಾಲ್. ಖಾಸಗಿ ಗ್ಯಾಲರಿಗಳು ಬಾಗಿಲು ತೆಗೆಯದ ಹೊಸಬರು ಇಲ್ಲಿ ಚಿತ್ರ ನೇತುಹಾಕಬಹುದಿತ್ತು. ಆದರೆ ಸರ್ಕಾರಿ ಇಲಾಖೆಯ ಕಟ್ಟಡ, ಇಲಾಖೆಯ ಹಾಗೇ ಇತ್ತು. ಮಂಕು ದೀಪ, ಹಳೆಯ ಚೌಕಟ್ಟು, ಗೋಡೆಯಲ್ಲಿ ಪಸೆ. ನಾವೂ ನಮ್ಮ ಪ್ರದರ್ಶನ ನೋಡಿ, ವೆಂಕಟಪ್ಪನವರ ಕಡೆ ಇಣುಕಿಯೂ ನೋಡದೆ ಕಾಫಿಗೆ ಹೋಗುತ್ತಿದ್ದೆವು, ನಿಜ ಹೇಳಬೇಕಲ್ವಾ.

ತಿರುವು ಬಂದದ್ದು 2015ರಲ್ಲಿ. ಪ್ರವಾಸಿ ತಾಣಗಳನ್ನು ಖಾಸಗಿಯವರು 'ದತ್ತು' ತೆಗೆದುಕೊಳ್ಳುವ ಸರ್ಕಾರದ ಯೋಜನೆಯಡಿ ಗ್ಯಾಲರಿಯೂ ಒಂದು ಖಾಸಗಿ ಪ್ರತಿಷ್ಠಾನಕ್ಕೆ ಹೋಯಿತು. ಹೆತ್ತವರು ಬದುಕಿರುವಾಗಲೇ ಮಗುವನ್ನು ದತ್ತು ಕೊಟ್ಟ ಹಾಗೆ! ವಿಷಯ ಹೊರಗೆ ಬಿದ್ದಾಗ ಕಲಾವಿದರಿಗೆ ಮೊದಲು ಬಂದ ಸಂಶಯ ದುರಸ್ತಿಯ ಬಗ್ಗೆ ಅಲ್ಲ. ಒಪ್ಪಂದ ಆಗುವಾಗ ನಮ್ಮನ್ನು ಯಾಕೆ ಕೇಳಲಿಲ್ಲ, ಹಾಲ್ ಬಾಡಿಗೆ ಏನಾಗುತ್ತದೆ, ಗೋಡೆಯ ಮೇಲೆ ಯಾರ ಚಿತ್ರ ಇರಬೇಕೆಂದು ಯಾರು ತೀರ್ಮಾನ ಮಾಡುತ್ತಾರೆ? 2016ರಲ್ಲಿ ಗ್ಯಾಲರಿಯ ಹೆಸರಿನಲ್ಲೇ ಕಲಾವಿದರ ವೇದಿಕೆಯೊಂದು ಹುಟ್ಟಿತು. ಘೋಷಣೆಗಿಂತ ಹೆಚ್ಚಾಗಿ ಚಿತ್ರ, ಹಾಡು, ಪ್ರದರ್ಶನ ಕಲೆಯ ಮೂಲಕವೇ ಪ್ರತಿಭಟನೆ ನಡೆಯಿತು. ಕೊನೆಗೆ ದತ್ತಿನ ಒಪ್ಪಂದ ಬಿದ್ದುಹೋಯಿತು.

ಇನ್ನೊಂದು ಕಡೆಯವರ ಮಾತನ್ನೂ ಹೇಳಬೇಕು. ಹಣ, ನುರಿತ ಕೈ, ಒಳ್ಳೆಯ ದೀಪ ಬೇಕಿದ್ದದ್ದು ನಿಜ. ಅವು ಸರ್ಕಾರದ ಬಜೆಟ್ಟಿನಿಂದಲೇ ಯಾಕೆ ಬರಬಾರದು ಅನ್ನುವ ಪ್ರಶ್ನೆಯನ್ನು ಮಾತ್ರ ಯಾರೂ ಕೊನೆಯವರೆಗೆ ಎಳೆಯಲಿಲ್ಲ. ಕೆಲವು ವರ್ಷ ಬಿಟ್ಟು ಇನ್ನೊಂದು ಖಾಸಗಿ ಪ್ರತಿಷ್ಠಾನ ದುರಸ್ತಿಗೆ ಮುಂದೆ ಬಂತು, ಕಟ್ಟಡ ಮುಚ್ಚಿತು, ಮತ್ತೆ ಅದೇ ಪ್ರಶ್ನೆಗಳು ಎದ್ದವು. ಇತ್ತ 2023ರ ಫೆಬ್ರವರಿಯಲ್ಲಿ ಅದೇ ರಸ್ತೆಯಲ್ಲಿ ಮ್ಯಾಪ್ ಎಂಬ ಖಾಸಗಿ ಕಲಾ ಮ್ಯೂಸಿಯಂ ತೆರೆಯಿತು. ಖಾಸಗಿಯವರು ತಮ್ಮದೇ ಜಾಗದಲ್ಲಿ ತಮ್ಮದೇ ಮ್ಯೂಸಿಯಂ ಕಟ್ಟಿದ್ದಕ್ಕೆ ಯಾರದ್ದೂ ತಕರಾರಿಲ್ಲ.

ಕಬ್ಬನ್ ಪಾರ್ಕ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. ಬಾಗಿಲು ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ಒಳಗೆ ಹೋದರೆ ಊಟಿ ಚಿತ್ರಗಳು ಎಲ್ಲಿವೆ ಅಂತ ಕೇಳಿ, ಅಲ್ಲಿಂದಲೇ ಶುರು ಮಾಡಿ.