ಟಾಪ್ ಇಲ್ಲದ ಕಾರಿಗೆ ಒಂದು ಸರಳು ಸಾಕಾ?

ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ನನ್ನ ಚಿಕ್ಕಪ್ಪನ ಮಗನ ಹತ್ತಿರ ಹಳೇ ಮಾಜ್ದಾ ಎಂಎಕ್ಸ್-5 ಇದೆ. 1991ರ ಗಾಡಿ. ಎರಡೇ ಸೀಟು, ಮೇಲೆ ಮಡಚುವ ಬಟ್ಟೆ ಟಾಪು. ಹೋದ ಸಲ ಅವನ ಮನೆಗೆ ಹೋದಾಗ ಅದರಲ್ಲಿ ಸುತ್ತಾಡಿದೆವು. ರೈಲು ಹಳಿ ದಾಟುವಾಗ ಒಳಗಿನ ಕನ್ನಡಿ ಗಡಗಡ ನಡುಗಿತು. ಹಿಂದೆ ಬರುತ್ತಿದ್ದ ಲಾರಿ ಕನ್ನಡಿಯಲ್ಲಿ ಎರಡೆರಡಾಗಿ ಕಂಡಿತು. ಮುಂದಿನ ಗಾಜಿನ ಚೌಕಟ್ಟು ಒಂದು ಕಡೆ, ನಾವು ಕೂತ ಸೀಟು ಇನ್ನೊಂದು ಕಡೆ ಹೋದ ಹಾಗೆ ಅನಿಸಿತು.

"ಸ್ಟ್ರಟ್ ಬಾರ್ ಹಾಕಿಸಿದ್ರೆ ಸರಿಹೋಗುತ್ತೆ ಅಂತಾರೆ. ಹಾಕಿಸ್ಲಾ ಅಣ್ಣಾ?" ಅಂತ ಕೇಳಿದ.

ಕೆಲವು ಕಾರುಗಳ ಬಾನೆಟ್ ಎತ್ತಿದರೆ ಇಂಜಿನ್ ಮೇಲೆ ಅಡ್ಡಲಾಗಿ ಒಂದು ಹೊಳೆಯುವ ಸರಳು ಕಾಣುತ್ತದೆ ಅಲ್ವಾ? ಅದೇ ಇದು. ಎಡ ಚಕ್ರದ ಸ್ಪ್ರಿಂಗ್ ಮೇಲಿನ ಗುಮ್ಮಟವನ್ನೂ ಬಲ ಚಕ್ರದ ಗುಮ್ಮಟವನ್ನೂ ಬೋಲ್ಟ್ ಹಾಕಿ ಜೋಡಿಸುತ್ತದೆ. ನೋಡಲು ಚೆನ್ನಾಗಿದೆ. ಒಂದು ಗಂಟೆಯೊಳಗೆ ಹಾಕಬಹುದು. ಆದರೆ ಟಾಪ್ ಇಲ್ಲದ ಕಾರಿನ ನಡುಕ ಅದರಿಂದ ಹೋಗುತ್ತದೆಯಾ?

ಇದಕ್ಕೆ ಉತ್ತರ ಬೇಕಾದರೆ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬ ಸಾಕು. ಮುಚ್ಚಳ ಮುಚ್ಚಿ, ಸುತ್ತ ಟೇಪ್ ಅಂಟಿಸಿ. ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಈಗ ಮುಚ್ಚಳ ತೆಗೆದು ಮತ್ತೆ ತಿರುಚಿ. ಅದೇ ರಟ್ಟು, ಅದೇ ಕೈ. ಡಬ್ಬ ಮಾತ್ರ ಸುಲಭವಾಗಿ ಸೊಟ್ಟಗಾಗುತ್ತದೆ. ಆರೂ ಕಡೆ ಮುಚ್ಚಿದ್ದಾಗ ಒಂದೊಂದು ಮುಖವೂ ಪಕ್ಕದ ಮುಖವನ್ನು ಜಾರದಂತೆ ಹಿಡಿದಿರುತ್ತದೆ. ಒಂದು ಮುಖ ಹೋದರೆ ಆ ಹಿಡಿತವೇ ತಪ್ಪುತ್ತದೆ.

ಕಾರಿನಲ್ಲೂ ಹೀಗೇ. ಬಿಎಂಡಬ್ಲ್ಯೂ ಜ಼ಡ್3 ಎಂಬ ಕಾರು ತೆರೆದ ಟಾಪ್‌ನಲ್ಲೂ ಬಂತು, ಗಟ್ಟಿ ಸೂರಿನ ಕೂಪೆಯಾಗಿಯೂ ಬಂತು. ತೆರೆದ ಕಾರಿನ ಬಾಡಿಯನ್ನು ಒಂದು ಡಿಗ್ರಿ ತಿರುಚಲು ಸುಮಾರು 5,600 ನ್ಯೂಟನ್-ಮೀಟರ್ ಬೇಕು. ಕೂಪೆಗೆ ಸುಮಾರು 16,400. ಅಂದರೆ ಹಿಂಭಾಗವನ್ನು ಅಲ್ಲಾಡದಂತೆ ಹಿಡಿದು, ಮುಂಭಾಗಕ್ಕೆ ಒಂದು ಮೀಟರ್ ಉದ್ದದ ಸನ್ನೆ ಕಟ್ಟಿದಿರಿ ಅಂದುಕೊಳ್ಳಿ. ಒಂದು ಡಿಗ್ರಿ ತಿರುಗಲು ತೆರೆದ ಕಾರಿನ ಸನ್ನೆಗೆ ಸುಮಾರು 570 ಕಿಲೋ ತೂಗುಹಾಕಬೇಕು. ಕೂಪೆಗೆ 1,670 ಕಿಲೋ. ಸೂರು ಸುಮ್ನೆ ಮಳೆ ತಡೆಯಲು ಇರುವುದಲ್ಲ.

ನಮ್ಮ ಕಡೆಯ ಜಿಪ್ಸಿ, ಥಾರ್‌ಗಳ ಟಾಪ್ ಬಿಚ್ಚಿದರೆ ಇಷ್ಟು ತೊಂದರೆ ಇಲ್ಲ. ಅವುಗಳ ಕೆಳಗೆ ಏಣಿಯಂಥ ಚಾಸಿ ಬೇರೆಯೇ ಇರುತ್ತದೆ. ಭಾರ ಹೊರುವುದು ಅದು. ಮೇಲಿನ ಕ್ಯಾನ್ವಾಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ಮತ್ತೆ ಡಬ್ಬಕ್ಕೆ ಬನ್ನಿ. ಮುಚ್ಚಳ ಇಲ್ಲದ ಡಬ್ಬದ ಒಂದು ತುದಿಯ ಹತ್ತಿರ, ಎಡ ಗೋಡೆಯಿಂದ ಬಲ ಗೋಡೆಗೆ ಅಡ್ಡಲಾಗಿ ಒಂದು ಐಸ್‌ಕ್ರೀಮ್ ಕಡ್ಡಿ ಅಂಟಿಸಿ. ಸ್ಟ್ರಟ್ ಬಾರ್ ಅಂದರೆ ಇದೇ. ತಿರುಚಿ ನೋಡಿ. ನಾನು ಮಾಡಿ ನೋಡಿದೆ, ಕೈಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಆ ತುದಿಯಲ್ಲಿ ಹೇಗೂ ಒಂದು ಗೋಡೆ ಇದೆ. ಡಬ್ಬ ತಿರುಚುವುದು ಈ ತುದಿಗೂ ಆ ತುದಿಗೂ ಮಧ್ಯೆ. ಆಮೇಲೆ ಆ ಕಡ್ಡಿ ಕಿತ್ತು, ಎರಡು ಉದ್ದ ಕಡ್ಡಿಗಳನ್ನು ಮೂಲೆಯಿಂದ ಮೂಲೆಗೆ ಗುಣಿಸು ಗುರುತಿನ ಹಾಗೆ ಅಂಟಿಸಿದೆ. ಡಬ್ಬ ಬಿಗಿಯಾಯಿತು! ಹೋದ ಮುಚ್ಚಳದ ಕೆಲಸವನ್ನು ಎರಡು ಕಡ್ಡಿ ಬಹುಮಟ್ಟಿಗೆ ಮಾಡಿದವು.

ಹಾಗಾದರೆ ಸ್ಟ್ರಟ್ ಬಾರ್ ದಂಡವಾ? ಹಾಗೆ ಹೇಳಿದರೆ ತಪ್ಪಾಗುತ್ತದೆ. ಅದಕ್ಕೆ ಅದರದೇ ಕೆಲಸ ಇದೆ. ಮಾರುತಿ 800ರಿಂದ ಸ್ವಿಫ್ಟ್‌ವರೆಗೆ ನಮ್ಮ ರಸ್ತೆಯ ಹೆಚ್ಚಿನ ಕಾರುಗಳ ಮುಂದಿನ ಚಕ್ರಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತದೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ ರೂಪಿಸಿದ್ದು. ಇದರಲ್ಲಿ ಶಾಕ್ ಅಬ್ಸಾರ್ಬರೇ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬ. ಕಂಬದ ತಲೆ ಗುಮ್ಮಟಕ್ಕೆ ಸಿಕ್ಕಿರುತ್ತದೆ. ತಿರುವಿನಲ್ಲಿ ಜೋರಾಗಿ ಹೋದರೆ ಗುಮ್ಮಟದ ಮೇಲೆ ಪಕ್ಕದಿಂದಲೂ ಒತ್ತಡ ಬೀಳುತ್ತದೆ. ಗುಮ್ಮಟ ಒಂದಿಷ್ಟು ಸರಿದರೂ ಚಕ್ರ ವಾಲುತ್ತದೆ, ಟೈರ್ ರಸ್ತೆಗೆ ಕೂರುವ ರೀತಿ ಬದಲಾಗುತ್ತದೆ. ಎರಡು ಗುಮ್ಮಟಗಳನ್ನು ಸರಳಿನಿಂದ ಕಟ್ಟಿದರೆ ಒತ್ತಡ ಹಂಚಿಹೋಗುತ್ತದೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರಿನ ಮೂತಿ ಸ್ವಲ್ಪ ಚುರುಕಾಗಿ ತಿರುಗಿದ ಹಾಗೆ ಅನಿಸಬಹುದು. ಸರಳು ನೇರವಾಗಿರಬೇಕು, ಅಷ್ಟೇ. ಇಂಜಿನ್‌ಗೆ ಜಾಗ ಬಿಡಲು ಬಿಲ್ಲಿನ ಹಾಗೆ ಬಗ್ಗಿಸಿದ ಸರಳು ತಾನೇ ಸ್ಪ್ರಿಂಗ್ ಆಗುತ್ತದೆ. ಸರಳಿನಿಂದ ಇಂಜಿನ್ ಹಿಂದಿನ ತಗಡಿನ ಗೋಡೆಗೂ ಒಂದು ಕೊಂಡಿ ಇದ್ದು ತ್ರಿಕೋನವಾದರೆ ಇನ್ನೂ ಒಳ್ಳೆಯದು.

ಎಂಎಕ್ಸ್-5ರಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ಟೇ ಇಲ್ಲ! ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್. ಚಕ್ರವನ್ನು ನೆಟ್ಟಗೆ ಹಿಡಿಯುವುದು ಮೇಲೊಂದು ಕೆಳಗೊಂದು ತೋಳು. ಪಕ್ಕದ ಒತ್ತಡವೆಲ್ಲ ಆ ತೋಳುಗಳ ಮೂಲಕ ಹೋಗುತ್ತದೆ. ಗುಮ್ಮಟಕ್ಕೆ ಬರುವುದು ಮುಖ್ಯವಾಗಿ ಸ್ಪ್ರಿಂಗ್ ಮತ್ತು ಶಾಕ್‌ನ ಮೇಲ್ಮುಖ ಒತ್ತು. ಅಲ್ಲಿ ಅಡ್ಡ ಸರಳಿಗೆ ಹಿಡಿಯಲು ಜಾಸ್ತಿ ಏನೂ ಉಳಿದಿಲ್ಲ. ಕೆಲವು ಮಾದರಿಗಳಿಗೆ ಮಾಜ್ದಾದವರೇ ಆ ಸರಳು ಹಾಕಿ ಕೊಟ್ಟಿದ್ದಾರೆ, ನಿಜ. ಆದರೆ 1994ರ ಮಾದರಿಗೆ 1.8 ಲೀಟರ್ ಇಂಜಿನ್ ಕೊಟ್ಟು ಬಾಡಿ ಬಿಗಿ ಮಾಡುವಾಗ ಅವರು ಉಕ್ಕು ಎಲ್ಲಿಟ್ಟರು ನೋಡಿ. ಸೀಟಿನ ಹಿಂದೆ ಸೀಟ್ ಬೆಲ್ಟ್ ಕಂಬಗಳ ಮಧ್ಯೆ, ಮತ್ತೆ ಕಾರಿನ ಕೆಳಗೆ. ಹೆಚ್ಚಿನ ತೆರೆದ ಕಾರುಗಳನ್ನು ಗಟ್ಟಿ ಮಾಡುವುದೂ ಕೆಳಗಿನಿಂದಲೇ. ಬಾಗಿಲ ಕೆಳಗಿನ ದಪ್ಪ ಹೊಸ್ತಿಲು, ನೆಲದಡಿಯ ಓರೆ ಪಟ್ಟಿಗಳು.

ಬಾಡಿ ಬಿಗಿ ಇದ್ದರೆ ನಡುಕ ಕಡಿಮೆಯಾಗುವುದಷ್ಟೇ ಅಲ್ಲ. ಬಾಡಿ ತಿರುಚುವುದಾದರೆ ಅದೂ ಒಂದು ಸ್ಪ್ರಿಂಗೇ. ಅದಕ್ಕೆ ಶಾಕ್ ಅಬ್ಸಾರ್ಬರ್ ಬೇರೆ ಇಲ್ಲ. ನೀವು ದುಡ್ಡು ಕೊಟ್ಟು ಗಟ್ಟಿ ಸ್ಪ್ರಿಂಗ್ ಹಾಕಿಸಿದರೂ ಅದರ ಕೆಲಸದಲ್ಲಿ ಒಂದು ಪಾಲನ್ನು ಬಾಡಿಯೇ ನುಂಗುತ್ತದೆ.

ಸರಳು ಕೊಳ್ಳುವ ಮೊದಲು ಪರೀಕ್ಷೆ ಮಾಡಲು ಒಂದು ದಾರಿ ಇದೆ. ಒಂದರೊಳಗೊಂದು ಸಲೀಸಾಗಿ ಜಾರುವ ಎರಡು ಕೊಳವೆ ತೆಗೆದುಕೊಳ್ಳಿ. ಹೊರಗಿನದನ್ನು ಒಂದು ಗುಮ್ಮಟಕ್ಕೆ, ಒಳಗಿನದನ್ನು ಇನ್ನೊಂದಕ್ಕೆ ಬಿಗಿಯಿರಿ. ಒಳಗಿನ ಕೊಳವೆಯ ಮೇಲೆ ಬಿಗಿಯಾದ ರಬ್ಬರ್ ಉಂಗುರ ಹಾಕಿ, ಹೊರಗಿನ ಕೊಳವೆಯ ಬಾಯಿಗೆ ತಾಗಿಸಿ. ಕೆಟ್ಟ ರಸ್ತೆಯಲ್ಲಿ ಸುತ್ತಿ ಬಂದು ನೋಡಿ. ಉಂಗುರ ಬಾಯಿಯಿಂದ ಎಷ್ಟು ದೂರ ಹೋಗಿದೆಯೋ ಗುಮ್ಮಟಗಳು ಅಷ್ಟು ಹತ್ತಿರ ಬಂದಿದ್ದವು. ಉಂಗುರ ಅಲುಗಾಡದೇ ಇದ್ದರೆ ಗುಮ್ಮಟಗಳು ಹತ್ತಿರ ಬರುತ್ತಿಲ್ಲ, ಅದನ್ನು ತಡೆಯಲು ಸರಳು ಬೇಕಿಲ್ಲ.

ತಮ್ಮನಿಗೆ ಇದನ್ನೆಲ್ಲ ಹೇಳಿ, ಇಬ್ಬರೂ ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿದೆವು. ಆ ಕಾರಿನ ನೆಲದಡಿ ಉದ್ದಕ್ಕೂ ಎರಡು ತೆಳ್ಳನೆ ತಗಡಿನ ಪಟ್ಟಿಗಳಿವೆ. ಬಲಗಡೆಯದು ಮಧ್ಯದಲ್ಲಿ ಅಪ್ಪಚ್ಚಿಯಾಗಿತ್ತು. ಯಾರೋ ಯಾವಾಗಲೋ ತಪ್ಪು ಜಾಗದಲ್ಲಿ ಜ್ಯಾಕ್ ಕೊಟ್ಟಿದ್ದರು. ಅವನು ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡ. ಮೊದಲು ಅದನ್ನು ಸರಿ ಮಾಡಿಸುತ್ತಾನಂತೆ, ಸರಳಿನ ಮಾತು ಆಮೇಲೆ.