ಬಾರದವರ ಹಬ್ಬ: 'ಡಾಕ್ಟರ್ ಹೂ' ಐವತ್ತರ ಹಿಂದಿನ ಕಥೆ

ಸ್ಟೀವನ್ ಮೊಫಾಟ್‌ಗೆ ತಲೆನೋವು ತಂದಿದ್ದು ಒಬ್ಬ ನಟ ಹೇಳಿದ 'ಇಲ್ಲ'. 2013ರ ನವೆಂಬರ್‌ಗೆ ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಗೆ 50 ತುಂಬುತ್ತಿತ್ತು. ಅದರ ವಿಶೇಷ ಕಂತು ಬರೆಯುವ ಹೊಣೆ ಅವರ ಮೇಲಿತ್ತು. ಅವರ ಮನಸ್ಸಿನಲ್ಲಿದ್ದ ಕಥೆಗೆ ಕ್ರಿಸ್ಟೋಫರ್ ಎಕಲ್‌ಸ್ಟನ್ ಬೇಕೇ ಬೇಕು. 2005ರಲ್ಲಿ ಈ ಸರಣಿ ಮತ್ತೆ ಶುರುವಾದಾಗ ಡಾಕ್ಟರ್ ಆಗಿದ್ದವರು ಅವರೇ. ಒಂದೇ ಸೀಸನ್ ಮಾಡಿ ಬಿಟ್ಟು ಹೋಗಿದ್ದರು. ಮೊಫಾಟ್ ಜೊತೆ ಕೂತು ಮಾತಾಡಿದರು, ಯೋಚನೆಯನ್ನೂ ಮಾಡಿದರು. ಕೊನೆಗೆ ಬರಲ್ಲ ಅಂದರು.

ಈ ಸರಣಿ ನೋಡದವರಿಗೆ ಇದೇನು ಅಂಥಾ ದೊಡ್ಡ ವಿಷಯ ಅನಿಸಬಹುದು. ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಡಾಕ್ಟರ್ ಅನ್ನೋದು ಬೇರೆ ಗ್ರಹದ ಜೀವಿ, ನೋಡೋಕೆ ಮನುಷ್ಯನ ಹಾಗೇ. ಊರು ಗ್ಯಾಲಿಫ್ರೆ ಎಂಬ ಗ್ರಹ. ಓಡಾಡೋ ಗಾಡಿ ಟಾರ್ಡಿಸ್. ಹೊರಗಿನಿಂದ ಹಳೇ ಲಂಡನ್ನಿನ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಅರಮನೆಯಷ್ಟು ಜಾಗ. ಅದರಲ್ಲಿ ಯಾವ ಕಾಲಕ್ಕೆ ಬೇಕಾದರೂ ಹೋಗಬಹುದು. ಸಾಯುವ ಹೊತ್ತಿಗೆ ಡಾಕ್ಟರ್ ಸಾಯುವುದಿಲ್ಲ, ಮೈ ಬದಲಾಗುತ್ತದೆ. ಅಂದರೆ ನಟ ಬದಲಾಗುತ್ತಾನೆ.

ನಮ್ಮ ಧಾರಾವಾಹಿಗಳಲ್ಲಿ ನಟಿ ಬಿಟ್ಟು ಹೋದರೆ ಪರದೆಯ ಕೆಳಗೆ ಒಂದು ಸಾಲು ಓಡುತ್ತದಲ್ವಾ, 'ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು' ಅಂತ? ಡಾಕ್ಟರ್ ಹೂ ಬರಹಗಾರರು ಆ ಸಾಲನ್ನೇ ಕಥೆ ಮಾಡಿಕೊಂಡರು. ಅದೂ ಬೇರೆ ದಾರಿ ಇಲ್ಲದೆ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ 1966ರ ಹೊತ್ತಿಗೆ ಕೆಟ್ಟಿತ್ತು. ಮಾತುಗಳು ನೆನಪಲ್ಲಿ ಉಳಿಯುತ್ತಿರಲಿಲ್ಲ. ಸರಣಿಗೆ ಮಾತ್ರ ನೋಡುಗರು ಇದ್ದರು, ನಿಲ್ಲಿಸುವ ಹಾಗಿರಲಿಲ್ಲ. ಹಾಗಾಗಿ ಆ ಅಕ್ಟೋಬರ್‌ನಲ್ಲಿ ಹಾರ್ಟ್‌ನೆಲ್ ನೆಲಕ್ಕೆ ಬಿದ್ದರು, ಮುಖ ಬೆಳಕಲ್ಲಿ ಕರಗಿತು, ಎದ್ದಾಗ ಅಲ್ಲಿದ್ದದ್ದು ಪ್ಯಾಟ್ರಿಕ್ ಟ್ರೌಟನ್.

ಬಾರದ ನಟನೇ ಕಥೆಯ ದಾರಿ ತೋರಿಸುವುದು ಈ ಸರಣಿಗೆ ಆಗಲೇ ರೂಢಿಯಾಯಿತು ಅಂತ ನನ್ನ ಲೆಕ್ಕ. ವಾರ್ಷಿಕೋತ್ಸವದ ಕಂತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಎದ್ದು ಕಾಣುತ್ತದೆ.

ಹತ್ತನೇ ವರ್ಷದ್ದೇ ತಗೊಳ್ಳಿ. ಮೂವರೂ ಡಾಕ್ಟರ್‌ಗಳನ್ನು ಒಂದೇ ಕಥೆಗೆ ತರಬೇಕು ಅಂತ ಆಸೆ. ಅಷ್ಟರಲ್ಲಿ ಜಾನ್ ಪರ್ಟ್ವೀ ಮೂರನೆಯ ಡಾಕ್ಟರ್ ಆಗಿದ್ದರು. ಹಾರ್ಟ್‌ನೆಲ್ ಫೋನಿನಲ್ಲಿ ಖುಷಿಯಿಂದ ಒಪ್ಪಿಕೊಂಡರು. ಆದರೆ ಅವರ ಸ್ಥಿತಿ ಎಂಥದ್ದು ಅಂತ ಆಮೇಲೆ ಗೊತ್ತಾಯಿತು. ಓಡಾಡುವುದು ಹಾಗಿರಲಿ, ಹೆಚ್ಚು ಹೊತ್ತು ನಿಲ್ಲುವುದೂ ಆಗುತ್ತಿರಲಿಲ್ಲ. ಕಥೆಯನ್ನು ಮತ್ತೆ ಬರೆದರು. ಮೊದಲ ಡಾಕ್ಟರ್ ಕಾಲದ ಸುಳಿಯೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಪರದೆಯ ಮೇಲಿಂದಷ್ಟೇ ಮಾತಾಡಬಲ್ಲ ಅಂತ ಮಾಡಿದರು. ಹಾರ್ಟ್‌ನೆಲ್ ಕುರ್ಚಿಯಲ್ಲಿ ಕೂತರು. ಕ್ಯಾಮೆರಾ ಪಕ್ಕದಲ್ಲಿ ಹಿಡಿದ ಹಲಗೆಗಳನ್ನು ನೋಡಿ ಮಾತು ಓದಿದರು. ಪರದೆಯಿಂದಲೇ ಉಳಿದ ಇಬ್ಬರನ್ನೂ ಗದರುವ ಆ ಮುದುಕನನ್ನು ಇವತ್ತು ನೋಡಿದರೂ ಗತ್ತು ಕಮ್ಮಿ ಆಗಿಲ್ಲ ಅನಿಸುತ್ತದೆ. ಅದು ಅವರ ಕೊನೆಯ ಪಾತ್ರ. 1975ರಲ್ಲಿ ತೀರಿಕೊಂಡರು. ಅಂದ ಹಾಗೆ, ಈ 'ಹತ್ತನೇ ವರ್ಷದ' ಕಂತು ಶುರುವಾಗಿದ್ದು 1972ರ ಡಿಸೆಂಬರ್ 30ಕ್ಕೆ. ಹುಟ್ಟುಹಬ್ಬಕ್ಕೆ ಇನ್ನೂ ಹತ್ತಿರ ಹತ್ತಿರ 11 ತಿಂಗಳಿತ್ತು! ಬ್ರಿಟಿಷರ ಸಮಯಪಾಲನೆ ಬಗ್ಗೆ ಸುಮ್ನೆ ಹೊಗಳುತ್ತೇವೆ.

ಇಪ್ಪತ್ತನೇ ವರ್ಷದಲ್ಲಿ ಗಂಟು ಇನ್ನೂ ಬಿಗಿಯಾಯಿತು. ಕಂತಿನ ಹೆಸರಲ್ಲೇ ಐವರು ಡಾಕ್ಟರ್‌ಗಳು. ಆದರೆ ಹಾರ್ಟ್‌ನೆಲ್ ಇಲ್ಲ. ಅವರನ್ನೇ ಹೋಲುವ ರಿಚರ್ಡ್ ಹರ್ನ್‌ಡಾಲ್ ಎಂಬ ನಟನನ್ನು ಕರೆತಂದರು. ನಿಜವಾದ ಪೇಚು ಟಾಮ್ ಬೇಕರ್ ಅವರದು. ಏಳು ವರ್ಷ ಡಾಕ್ಟರ್ ಆಗಿದ್ದವರು, ಉದ್ದನೆ ಮಫ್ಲರ್ ಸುತ್ತಿಕೊಂಡು ಮನೆಮಾತಾದವರು. 1981ರಲ್ಲಷ್ಟೇ ಬಿಟ್ಟಿದ್ದರು. ಇಷ್ಟು ಬೇಗ ವಾಪಸ್ ಬರೋಕೆ ಮನಸ್ಸಿಲ್ಲ ಅಂದರು. ಬರಹಗಾರ ಟೆರನ್ಸ್ ಡಿಕ್ಸ್ ಕಥೆ ತಿದ್ದಿದರು. ಬೇಕರ್ ಇರುವ ಒಂದು ಹಳೇ ತುಣುಕು ಕೈಲಿತ್ತು. 1979ರಲ್ಲಿ ಬಿಬಿಸಿ ನೌಕರರ ಮುಷ್ಕರದಿಂದ ಅರ್ಧಕ್ಕೇ ನಿಂತ 'ಶಾಡಾ' ಎಂಬ ಕಥೆಯದ್ದು. ಕೇಂಬ್ರಿಜ್‌ನ ಕ್ಯಾಮ್ ನದಿಯಲ್ಲಿ ಅವರು ದೋಣಿ ನಡೆಸುವ ದೃಶ್ಯ. ಅದನ್ನೇ ತಂದು ಅಂಟಿಸಿದರು. ದೋಣಿಯಲ್ಲಿ ಹೋಗುತ್ತಿದ್ದ ಡಾಕ್ಟರ್‌ನನ್ನು ಯಾವುದೋ ಯಂತ್ರ ಎತ್ತಿಕೊಳ್ಳುತ್ತದೆ, ಎಡವಟ್ಟಾಗುತ್ತದೆ, ಅವನು ಕಾಲದ ಮಧ್ಯೆ ಸಿಕ್ಕಿಬೀಳುತ್ತಾನೆ. ಕಥೆ ಮುಗಿಯುವ ತನಕ ಅಲ್ಲೇ.

ಪತ್ರಿಕೆಗಳಿಗೆ ಫೋಟೊ ಬೇಕಿತ್ತು. ಐವರಲ್ಲಿ ಒಬ್ಬರಿಲ್ಲ. ಏನು ಮಾಡಿದರು ಗೊತ್ತಾ? ಮ್ಯಾಡಮ್ ಟುಸಾಡ್ಸ್‌ನಿಂದ ಬೇಕರ್ ಅವರ ಮೇಣದ ಗೊಂಬೆ ತರಿಸಿ ಸಾಲಿನಲ್ಲಿ ನಿಲ್ಲಿಸಿದರು. ಆ ಫೋಟೊ ಈಗಲೂ ಸಿಗುತ್ತದೆ. ನಾಲ್ವರು ಜೀವಂತ ನಟರು, ಒಂದು ಮೇಣದ ಬೊಂಬೆ. ಬೊಂಬೆಯ ಮುಖದಲ್ಲೇ ಶಾಂತಿ ಜಾಸ್ತಿ.

25ನೇ ವರ್ಷದ ಕಥೆಯ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಅದಾದ ಮರುವರ್ಷ, 1989ರ ಡಿಸೆಂಬರ್‌ನಲ್ಲಿ, ಧಾರಾವಾಹಿಯೇ ನಿಂತಿತು. ಹಾಗಾಗಿ 30ನೇ ವರ್ಷಕ್ಕೆ ಸರಣಿಯೇ ಗೈರುಹಾಜರು. ದೊಡ್ಡ ಕಥೆಯೊಂದನ್ನು ವಿಡಿಯೊಗಾಗಿ ಮಾಡುವ ಯೋಜನೆ ಇತ್ತು, ಅದೂ ಬಿದ್ದುಹೋಯಿತು. ಬದಲಿಗೆ ಬಂದದ್ದು 1993ರ ನವೆಂಬರ್‌ನಲ್ಲಿ, ಮಕ್ಕಳ ಸಹಾಯಾರ್ಥ ನಡೆಯುವ ಬಿಬಿಸಿ ಕಾರ್ಯಕ್ರಮದ ನಡುವೆ, ಎರಡು ಸಂಜೆಯ ಪುಟ್ಟ ನಾಟಕ. 'ಈಸ್ಟ್‌ಎಂಡರ್ಸ್' ಎಂಬ ಇನ್ನೊಂದು ಧಾರಾವಾಹಿಯ ಪಾತ್ರಗಳನ್ನೂ ಅದರಲ್ಲಿ ಸೇರಿಸಿದರು. ಅದು ತ್ರೀಡಿ ಬೇರೆ. ಒಂದು ಕಣ್ಣಿಗೆ ಕಪ್ಪು ಗಾಜಿನ ಕನ್ನಡಕ. ಆ ತಂತ್ರ ಕೆಲಸ ಮಾಡಬೇಕಾದರೆ ಚಿತ್ರ ಅಡ್ಡಡ್ಡ ಓಡುತ್ತಲೇ ಇರಬೇಕು. ಹಾಗಾಗಿ ಕ್ಯಾಮೆರಾ ಸುಮ್ಮನೆ ನಿಲ್ಲುವುದೇ ಇಲ್ಲ. ನೋಡಿದರೆ ತಲೆ ತಿರುಗುತ್ತದೆ, ಕಥೆ ಅರ್ಥ ಮಾಡಿಕೊಳ್ಳೋಕೆ ಹೋದರೆ ಇನ್ನೂ ಜಾಸ್ತಿ. ಟಾಮ್ ಬೇಕರ್ ಈ ಸಲ ಬಂದರು. ಆದರೆ ಉಳಿದ ಡಾಕ್ಟರ್‌ಗಳ ಜೊತೆ ಸೇರಲಿಲ್ಲ, ಒಬ್ಬರೇ ನಿಂತು ಒಂದು ಸಂದೇಶ ಹೇಳಿ ಹೋದರು.

ನಟರು ಬಾರದಿದ್ದರೆ ಕಥೆ ತಿದ್ದಬಹುದು. ಕಂತುಗಳೇ ಕಳೆದುಹೋದರೆ? 1960, 70ರ ದಶಕದಲ್ಲಿ ಬಿಬಿಸಿ ತನ್ನ ಹಳೇ ಟೇಪುಗಳನ್ನು ಅಳಿಸುತ್ತಿತ್ತು. ಟೇಪು ದುಬಾರಿ, ಮತ್ತೆ ಬಳಸಬಹುದು. ಕಲಾವಿದರ ಸಂಘದ ಜೊತೆಗಿನ ಒಪ್ಪಂದದಿಂದ ಮರುಪ್ರಸಾರಕ್ಕೆ ಮಿತಿ ಇತ್ತು. ಬಣ್ಣದ ಟಿವಿ ಬಂದ ಮೇಲೆ ಕಪ್ಪು-ಬಿಳುಪು ಯಾರಿಗೆ ಬೇಕು ಅನ್ನೋ ಲೆಕ್ಕ ಬೇರೆ. ಮನೆಯಲ್ಲಿ ಜನ ಹಳೇ ಕಂತು ಕೊಂಡು ನೋಡುವ ಕಾಲ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಹಾರ್ಟ್‌ನೆಲ್ ಟ್ರೌಟನ್ ಆಗಿ ಬದಲಾಗುವ ಕಂತೂ ಹೀಗೇ ಹೋಯಿತು. ಆ ಬದಲಾವಣೆಯ ಕ್ಷಣವಷ್ಟೇ ಉಳಿದಿದೆ. ಅದೂ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಅದರ ತುಣುಕು ತೋರಿಸಿದ್ದರು ಅನ್ನೋ ಕಾರಣಕ್ಕೆ. ಚಿತ್ರ ಹೋದ ಕಂತುಗಳ ಧ್ವನಿ ಮಾತ್ರ ಎಲ್ಲದರದ್ದೂ ಇದೆ. ಆ ಕಾಲದ ಹುಡುಗರು ಮನೆಯ ಟಿವಿಯಿಂದ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು! ವಿದೇಶಗಳಿಗೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳು ಆಗಾಗ ಎಲ್ಲೆಲ್ಲಿಂದಲೋ ಸಿಗುತ್ತವೆ. 2013ರ ಅಕ್ಟೋಬರ್‌ನಲ್ಲಿ, ಐವತ್ತರ ಹಬ್ಬಕ್ಕೆ ತಿಂಗಳೊಂದಿದೆ ಅನ್ನುವಾಗ, ನೈಜೀರಿಯಾದ ಜೋಸ್ ಎಂಬ ಊರಿನ ಟಿವಿ ಕೇಂದ್ರದಲ್ಲಿ ಟ್ರೌಟನ್ ಕಾಲದ ಒಂಬತ್ತು ಕಂತು ಸಿಕ್ಕಿದ ಸುದ್ದಿ ಬಂತು. ಆಮೇಲೂ 97 ಕಂತು ಸಿಗದೆ ಉಳಿದಿದ್ದವು.

ಈಗ ಮೊಫಾಟ್ ತಲೆನೋವಿಗೆ ಬರೋಣ. 2005ರ ಸರಣಿಯ ಬೆನ್ನೆಲುಬು ಒಂದು ಯುದ್ಧ. ಡಾಕ್ಟರ್‌ನ ಜನಕ್ಕೂ ಅವರ ಹಳೇ ಶತ್ರುಗಳಾದ, ಲೋಹದ ಕವಚದೊಳಗಿನ ಡಾಲೆಕ್‌ಗಳಿಗೂ ನಡೆದ ಕಾಲಯುದ್ಧ. ಅದನ್ನು ನಿಲ್ಲಿಸಲು ಡಾಕ್ಟರ್ ತನ್ನ ಸ್ವಂತ ಗ್ರಹವನ್ನೇ, ಮಕ್ಕಳು ಮರಿ ಸಮೇತ, ಸುಟ್ಟ. ಆ ಪಾಪ ಹೊತ್ತುಕೊಂಡೇ ತಿರುಗುತ್ತಾನೆ. ಆದರೆ ಯುದ್ಧ ಪರದೆಯ ಮೇಲೆ ಬಂದೇ ಇರಲಿಲ್ಲ, ಬರೀ ಮಾತಿನಲ್ಲಿತ್ತು. ಐವತ್ತನೇ ವರ್ಷಕ್ಕೆ ಆ ದಿನವನ್ನೇ ತೋರಿಸಬೇಕು ಅಂತ ಮೊಫಾಟ್ ಆಸೆ. ಮಾಡಿದವನು ಎಕಲ್‌ಸ್ಟನ್‌ನ ಡಾಕ್ಟರ್ ಆಗಿದ್ದರೆ ಸಲೀಸು. ಅವರೋ ಬರಲ್ಲ. ಮಿಕ್ಕವರದ್ದೂ ಖಾತ್ರಿ ಇರಲಿಲ್ಲ. ಒಂದು ಹಂತದಲ್ಲಿ ಒಪ್ಪಂದ ಇದ್ದದ್ದು ಡಾಕ್ಟರ್ ಜೊತೆ ಸುತ್ತುವ ಗೆಳತಿ ಕ್ಲಾರಾ ಪಾತ್ರದ ಜೆನ್ನಾ ಕೋಲ್ಮನ್ ಒಬ್ಬರದ್ದೇ ಅಂತ ಮೊಫಾಟ್ ಆಮೇಲೆ ಹೇಳಿಕೊಂಡಿದ್ದಾರೆ. ಡಾಕ್ಟರೇ ಇಲ್ಲದ ಡಾಕ್ಟರ್ ಕಥೆ!

ಆಗ ಹೊಳೆದ ಉಪಾಯ ಇದು. ಯಾರಿಗೂ ಗೊತ್ತಿಲ್ಲದ ಒಬ್ಬ ಡಾಕ್ಟರ್ ಮಧ್ಯದಲ್ಲಿದ್ದ. ಅವನು ಮಾಡಿದ ಕೆಲಸಕ್ಕೆ ನಾಚಿ, ಮುಂದಿನವರು ಅವನನ್ನು ಲೆಕ್ಕದಿಂದಲೇ ತೆಗೆದುಹಾಕಿದ್ದಾರೆ. ಆ ಪಾತ್ರಕ್ಕೆ 73 ವರ್ಷದ ಜಾನ್ ಹರ್ಟ್ ಬಂದರು. ಮೇ ತಿಂಗಳ ಸೀಸನ್ ಕೊನೆಯ ಕಂತಿನ ಕೊನೆಯ ಗಳಿಗೆಯಲ್ಲಿ ಬೆನ್ನು ತಿರುಗಿಸಿ ನಿಂತ ಮುದುಕ ಮುಖ ತೋರಿಸಿದಾಗ ಅಭಿಮಾನಿಗಳು ಬೆಚ್ಚಿದರು. ಈ ಉಪಾಯ ಒಂದು ಹೊಸ ಫಜೀತಿಯನ್ನೂ ತಂದಿತು. ಡಾಕ್ಟರ್ ಹನ್ನೆರಡೇ ಸಲ ಮೈ ಬದಲಿಸಬಲ್ಲ ಅಂತ 1976ರಲ್ಲೇ ಸರಣಿ ಹೇಳಿಬಿಟ್ಟಿತ್ತು. ಹೆಚ್ಚುವರಿ ಒಬ್ಬ ಬಂದದ್ದರಿಂದ ಲೆಕ್ಕ ಬೇಗ ಮುಗಿಯಿತು. ಅದನ್ನು ಆ ವರ್ಷದ ಕ್ರಿಸ್‌ಮಸ್ ಕಂತಿನಲ್ಲಿ ಹೇಗೋ ಸರಿಮಾಡಿದರು.

ನವೆಂಬರ್ 14ಕ್ಕೆ ಇದ್ದಕ್ಕಿದ್ದ ಹಾಗೆ ಅಂತರ್ಜಾಲದಲ್ಲಿ ಏಳೆಂಟು ನಿಮಿಷದ ಒಂದು ಕಿರುಕಂತು ಬಂತು. ಅದರಲ್ಲಿದ್ದವರು ಪಾಲ್ ಮೆಗ್ಯಾನ್. 1996ರ ಒಂದೇ ಒಂದು ಟಿವಿ ಚಿತ್ರದಲ್ಲಿ ಡಾಕ್ಟರ್ ಆಗಿ, ಪರದೆಯ ಮಟ್ಟಿಗೆ ಅಲ್ಲಿಗೇ ಮುಗಿದುಹೋದವರು. ಹರ್ಟ್‌ನ ಡಾಕ್ಟರ್ ಹುಟ್ಟುವುದು ಅವರಿಂದ. ಹದಿನೇಳು ವರ್ಷದ ಬಾಕಿ ಏಳೆಂಟು ನಿಮಿಷದಲ್ಲಿ ತೀರಿತು.

ನವೆಂಬರ್ 23, ಶನಿವಾರ ಸಂಜೆ 7:50, ಲಂಡನ್ ಸಮಯ. ನಮ್ಮ ಗಡಿಯಾರದಲ್ಲಿ ಭಾನುವಾರ ರಾತ್ರಿ 1:20. 'ದಿ ಡೇ ಆಫ್ ದಿ ಡಾಕ್ಟರ್' 94 ದೇಶಗಳಲ್ಲಿ ಒಟ್ಟಿಗೆ ಪ್ರಸಾರವಾಯಿತು. ಟಿವಿ ನಾಟಕವೊಂದರ ಏಕಕಾಲದ ಪ್ರಸಾರಕ್ಕೆ ಗಿನ್ನೆಸ್ ದಾಖಲೆ ಬಂತು. ಚಿತ್ರಮಂದಿರಗಳಲ್ಲಿ ತ್ರೀಡಿ. ಈ ಸಲ ತಲೆ ತಿರುಗಲಿಲ್ಲ. 77 ನಿಮಿಷದ ಕಥೆಯ ನಡುವೆ ಒಂದು ಹಳೇ ಕೊಟ್ಟಿಗೆ. ಅಲ್ಲಿ ಹರ್ಟ್, ಎಕಲ್‌ಸ್ಟನ್ ನಂತರ ಡಾಕ್ಟರ್ ಆದ ಡೇವಿಡ್ ಟೆನಂಟ್, ಆಗಿನ ಡಾಕ್ಟರ್ ಮ್ಯಾಟ್ ಸ್ಮಿತ್, ಮೂವರೂ ಗ್ಯಾಲಿಫ್ರೆ ಸುಡುವ ಗುಂಡಿಯ ಮೇಲೆ ಕೈ ಇಡುತ್ತಾರೆ. ಕ್ಲಾರಾ ಕಣ್ಣಲ್ಲಿ ನೀರು. ಕೈ ಹಿಂದೆಗೆಯುತ್ತಾರೆ. ಗ್ರಹವನ್ನು ಸುಡುವ ಬದಲು, ಒಂದು ಕ್ಷಣದಲ್ಲಿ ಹಿಡಿದಿಟ್ಟು ಬಚ್ಚಿಡುವ ದಾರಿ ಹುಡುಕುತ್ತಾರೆ. ಅದಕ್ಕೆ ಎಲ್ಲ ಡಾಕ್ಟರ್‌ಗಳೂ ಬೇಕು. ಹಳೇ ತುಣುಕುಗಳಿಂದ ಒಬ್ಬೊಬ್ಬರೂ ಬರುತ್ತಾರೆ. ತೀರಿಹೋದ ಹಾರ್ಟ್‌ನೆಲ್, ಟ್ರೌಟನ್, ಪರ್ಟ್ವೀ. ಬರಲ್ಲ ಅಂದ ಎಕಲ್‌ಸ್ಟನ್ ಕೂಡ. ಮುಂದಿನ ಡಾಕ್ಟರ್ ಆಗಬೇಕಿದ್ದ, ಇನ್ನೂ ಕೆಲಸಕ್ಕೇ ಸೇರದ ಪೀಟರ್ ಕಪಾಲ್ಡಿಯ ಕಣ್ಣು, ಹುಬ್ಬು ಅಷ್ಟೇ. ಒಟ್ಟು ಹದಿಮೂರು ಮಂದಿ. ಮುಂದಿನ ವರ್ಷ 'ಡಾಕ್ಟರ್ ಹೂ ಮ್ಯಾಗಜೀನ್' ಓದುಗರು ಮತ ಹಾಕಿ, ಅಲ್ಲಿವರೆಗಿನ ಕಥೆಗಳಲ್ಲೆಲ್ಲ ಇದೇ ಮೊದಲು ಅಂದರು.

ಕೊನೆಗೆ ಚಿತ್ರಶಾಲೆಯಲ್ಲಿ ಸ್ಮಿತ್ ಒಬ್ಬರೇ ಕೂತಿದ್ದಾರೆ. ಹಿಂದಿನಿಂದ ಒಂದು ದಪ್ಪ ಗಂಟಲು ಕೇಳುತ್ತದೆ. ಕೋಲೂರಿಕೊಂಡು ಬರುವ ಮುದುಕ ಟಾಮ್ ಬೇಕರ್. ವಯಸ್ಸು 79. ಇಪ್ಪತ್ತನೇ ವರ್ಷಕ್ಕೆ ಬಾರದವರು ಐವತ್ತಕ್ಕೆ ಬಂದರು. ಇಡೀ ಕಂತಿನಲ್ಲಿ ನನಗೆ ಅತಿ ಇಷ್ಟದ ದೃಶ್ಯ ಇದೇ, ಇದರಲ್ಲಿ ಗುದ್ದಾಟವೂ ಇಲ್ಲ, ರಾಕ್ಷಸರೂ ಇಲ್ಲ.

ಹಾಗಂತ ಎಲ್ಲರಿಗೂ ಕರೆ ಹೋಗಿರಲಿಲ್ಲ. ಪೀಟರ್ ಡೇವಿಸನ್, ಕಾಲಿನ್ ಬೇಕರ್, ಸಿಲ್ವೆಸ್ಟರ್ ಮೆಕಾಯ್, 80ರ ದಶಕದ ಈ ಮೂವರೂ ಹಳೇ ತುಣುಕುಗಳಲ್ಲಷ್ಟೇ ಕಂಡರು. ಡೇವಿಸನ್ ಮುನಿಸಿಕೊಳ್ಳಲಿಲ್ಲ. ತಾವೇ ಒಂದು ಹಾಸ್ಯ ಚಿತ್ರ ಬರೆದು ಮಾಡಿದರು. ಅದರಲ್ಲಿ ಮೂವರೂ ಹೇಗಾದರೂ ವಿಶೇಷ ಕಂತಿನೊಳಗೆ ನುಸುಳಲು ಒದ್ದಾಡುತ್ತಾರೆ. ಕೊನೆಗೆ ಬಿಳಿ ಬಟ್ಟೆ ಹೊದ್ದ ಪ್ರತಿಮೆಗಳಾಗಿ ಸೆಟ್ಟಿನಲ್ಲಿ ನಿಲ್ಲುತ್ತಾರೆ. ಅಸಲಿ ಕಂತಿನಲ್ಲೂ ಅಂಥ ಬಟ್ಟೆ ಹೊದ್ದ ಪ್ರತಿಮೆಗಳಿವೆ. ಒಳಗಿರುವುದು ಅವರೇ ಅಂತ ನಂಬುವವರು ಇವತ್ತಿಗೂ ಇದ್ದಾರೆ.

ಆ ರಾತ್ರಿ ಹೆಸರುಗಳು ಓಡುವಾಗ ಇನ್ನೊಂದು ಹಳೇ ಬಾಕಿ ತೀರಿತು. 1963ರಲ್ಲಿ ಈ ಸರಣಿಗೆ ರಾಗ ಬರೆದವರು ರಾನ್ ಗ್ರೇನರ್. ಅದನ್ನು ಕಿವಿಗೆ ಬೀಳುವ ಹಾಗೆ ಮಾಡಿದವರು ಬಿಬಿಸಿಯ ಧ್ವನಿ ಪ್ರಯೋಗಗಳ ವಿಭಾಗವಾಗಿದ್ದ ರೇಡಿಯೊಫೋನಿಕ್ ವರ್ಕ್‌ಶಾಪ್‌ನ ಡೀಲಿಯಾ ಡರ್ಬಿಶೈರ್. ಸಿಂಥಸೈಜರ್ ಇನ್ನೂ ಮಾರುಕಟ್ಟೆಗೆ ಬಾರದ ಕಾಲ. ಒಂದೊಂದು ಸ್ವರವನ್ನೂ ಟೇಪಿನಲ್ಲಿ ಹಿಡಿದು, ವೇಗ ಏರಿಸಿ ಇಳಿಸಿ, ಬ್ಲೇಡಿನಿಂದ ಅಳತೆಗೆ ಕತ್ತರಿಸಿ, ಅಂಟಿಸಿ ಆ ರಾಗ ಕಟ್ಟಿದರು. ಅರ್ಧ ಹಕ್ಕು ಅವರಿಗೂ ಸೇರಲಿ ಅಂತ ಗ್ರೇನರ್ ಕೇಳಿದರು. ಬಿಬಿಸಿಯ ನಿಯಮ ಒಪ್ಪಲಿಲ್ಲ. ಡರ್ಬಿಶೈರ್ 2001ರಲ್ಲಿ ತೀರಿಕೊಂಡರು. ಈ ಸರಣಿಯಲ್ಲಿ ಅವರ ಹೆಸರು ಪರದೆಗೆ ಮೊದಲು ಬಂದದ್ದು ಈ ವಿಶೇಷ ಕಂತಿನಲ್ಲಿ, ಐವತ್ತು ವರ್ಷದ ಮೇಲೆ.

ಶುರುವಿನವರ ಕಥೆಯೂ ಆ ವಾರ ಟಿವಿಗೆ ಬಂತು. ಎರಡು ದಿನ ಮೊದಲು ಪ್ರಸಾರವಾದ ಮಾರ್ಕ್ ಗೇಟಿಸ್ ಅವರ ನಾಟಕದಲ್ಲಿ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 30 ಕೂಡ ಆಗಿರಲಿಲ್ಲ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ 24ರ ಹುಡುಗ. ಹುಟ್ಟಿದ್ದು ಲಖನೌದಲ್ಲಿ, ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿಗೆ ಹೋದವರು. ಗಂಡಸರ ಆ ಕಚೇರಿಯಲ್ಲಿ ಒಬ್ಬಳು ಹೆಂಗಸು, ಒಬ್ಬ ಭಾರತೀಯ. ಇಬ್ಬರನ್ನೂ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವರ ಮೊದಲ ಕಂತು ಪ್ರಸಾರವಾಗುವ ಹಿಂದಿನ ದಿನ ಅಮೆರಿಕದಲ್ಲಿ ಕೆನಡಿ ಹತ್ಯೆಯಾಯಿತು. ಟಿವಿ ತುಂಬಾ ಅದೇ ಸುದ್ದಿ. ಮುಂದಿನ ವಾರ ಎರಡನೇ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೆ ಹಾಕಬೇಕಾಯಿತು.

2023ಕ್ಕೆ 60 ತುಂಬಿತು. ಟೆನಂಟ್ ಮತ್ತೆ ಬಂದರು, ಮೂರು ವಿಶೇಷ ಕಂತು ಬಂದವು, ಕೊನೆಯಲ್ಲಿ ಶೂಟಿ ಗಾಟ್ವಾ ಹೊಸ ಡಾಕ್ಟರ್ ಆದರು. ಎಲ್ಲ ಡಾಕ್ಟರ್‌ಗಳನ್ನೂ ಸೇರಿಸುವ ಸಾಹಸಕ್ಕೆ ಈ ಸಲ ಯಾರೂ ಕೈ ಹಾಕಲಿಲ್ಲ. ಬದಲಿಗೆ, ಆ ನವೆಂಬರ್‌ನಲ್ಲಿ ಬಿಬಿಸಿ ತನ್ನ ಆನ್‌ಲೈನ್ ತಾಣ ಐಪ್ಲೇಯರ್‌ನಲ್ಲಿ 800ಕ್ಕೂ ಹೆಚ್ಚು ಹಳೇ ಕಂತುಗಳನ್ನು ಬ್ರಿಟನ್ನಿನ ಜನಕ್ಕೆ ತೆರೆದಿಟ್ಟಿತು. ಪೂರ್ತಿ ಉಳಿದ ಕಥೆಗಳಲ್ಲಿ ಒಂದು ಮಾತ್ರ ಸೇರಲಿಲ್ಲ. ಅದರ ಟೇಪು ಕಳೆದಿಲ್ಲ, ಚಿತ್ರವೂ ಚೆನ್ನಾಗೇ ಇದೆ. ಬರೆದ ಲೇಖಕರ ವಾರಸುದಾರರ ಜೊತೆ ಹಕ್ಕಿನ ಮಾತು ಬಗೆಹರಿಯಲಿಲ್ಲ ಅಷ್ಟೇ. ಅದು ಹುಸೇನ್ ನಿರ್ದೇಶಿಸಿದ ಮೊದಲ ಕಥೆ.