ಚಕ್ರ ನೆಲ ಮುಟ್ಟಿದ ಮೇಲೆ ಬಿಗಿಯುವ ನಟ್

ಬ್ರೇಕ್ ಒತ್ತಿದಾಗ ಮುಂಭಾಗದಿಂದ ‘ಟಣಕ್’ ಎನ್ನುವ ಸದ್ದು ಬರುತ್ತದೆ. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಆಗಾಗ ತಿದ್ದುತ್ತಿರಬೇಕು. ಟೈರಿನ ಒಂದೇ ಅಂಚು ಸವೆಯುತ್ತದೆ. ಹಳೆಯ ಎಂಜಿಬಿ ಕಾರು ಸಾಕಿಕೊಂಡವರಿಗೆ ಇವು ಪರಿಚಿತ ಲಕ್ಷಣಗಳು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಲ್ಲಿ ಹುಟ್ಟಿ 1980ರವರೆಗೆ ತಯಾರಾದ ಈ ಸ್ಪೋರ್ಟ್ಸ್ ಕಾರುಗಳ ಒಟ್ಟು ಸಂಖ್ಯೆ 5 ಲಕ್ಷಕ್ಕೂ ಹೆಚ್ಚು. ಮುಂದಿನ ಚಕ್ರವನ್ನು ಹಿಡಿದಿರುವ ವಿಶ್‌ಬೋನ್ ತೋಳು ಕಾರಿನ ಒಡಲಿಗೆ ಸೇರುವಲ್ಲಿ ಹೆಬ್ಬೆರಳ ಗಾತ್ರದ ರಬ್ಬರ್ ಬುಷ್‌ಗಳು, ಎಂದರೆ ಕೀಲಿನೊಳಗೆ ಕೂರುವ ಕೊಳವೆಯಂಥ ತುಂಡುಗಳು, ಇವೆ. ಮೇಲಿನ ಎಲ್ಲ ತೊಂದರೆಗೂ ಬಹಳ ಸಲ ಅವೇ ಮೂಲ.

ಅಲ್ಲಿಗೆ ರಬ್ಬರೇ ಏಕೆ ಬೇಕು? ನೀರು ತುಂಬಿದ ಬಲೂನನ್ನು ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಅದನ್ನೇ ಗಟ್ಟಿ ಡಬ್ಬಿಯೊಳಗೆ ತುರುಕಿ ಒತ್ತಿ ನೋಡಿ, ಜಗ್ಗುವುದಿಲ್ಲ. ರಬ್ಬರಿನ ಗುಣವೂ ಹೀಗೆಯೇ. ಆಕಾರ ಬದಲಿಸಲು ಅದು ಸದಾ ತಯಾರು, ಗಾತ್ರ ಕುಗ್ಗಿಸಲು ಮಾತ್ರ ಒಪ್ಪುವುದಿಲ್ಲ. ಅದನ್ನು ತಿರುಚುವುದಕ್ಕಿಂತ ಎಲ್ಲ ದಿಕ್ಕಿನಿಂದ ಒತ್ತಿ ಕುಗ್ಗಿಸುವುದು ಸಾವಿರ ಪಟ್ಟಿಗೂ ಹೆಚ್ಚು ಕಷ್ಟ. ಬುಷ್‌ನಲ್ಲಿ ರಬ್ಬರು ಎರಡು ಲೋಹದ ಗೋಡೆಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಅಡ್ಡಬಲಕ್ಕೆ ಅದು ಬಿಗಿಯಾಗಿ ನಿಲ್ಲುತ್ತದೆ, ತೋಳು ಮೇಲೆ ಕೆಳಗೆ ಆಡುವಾಗ ಮೆತ್ತಗೆ ತಿರುಚಿಕೊಳ್ಳುತ್ತದೆ. ಇಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ, ಹಾಗಾಗಿ ಎಣ್ಣೆಯೂ ಬೇಡ. ಇಷ್ಟು ಸರಳ ವಸ್ತುವಿನಲ್ಲಿ ಇಷ್ಟೊಂದು ಜಾಣತನ ಅಡಗಿರುವುದು ನನಗೆ ಇಂದಿಗೂ ಬೆರಗು.

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ, ಗಂಧಕ ಬೆರೆಸಿ ಕಾಯಿಸಿದರೆ ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಕೊಂಡಿಗಳು ಬೀಳುತ್ತವೆ. ಹಿಗ್ಗಿದ್ದು ಮರಳಿ ಮೊದಲಿನ ಆಕಾರಕ್ಕೆ ಬರುವುದು ಇವುಗಳಿಂದಲೇ. ಆದರೆ ಆ ಸರಪಳಿಗಳಲ್ಲಿ ಇನ್ನೂ ಉಳಿದಿರುವ ಜೋಡಿಬಂಧಗಳನ್ನು ಗಾಳಿಯ ಓಝೋನ್ ಕತ್ತರಿಸುತ್ತದೆ. ಹಿಗ್ಗಿದ ಸ್ಥಿತಿಯಲ್ಲಿರುವ ರಬ್ಬರಿನ ಮೇಲೆ ಹಿಗ್ಗಿಗೆ ಅಡ್ಡಲಾಗಿ ಬಿರುಕುಗಳು ಏಳುತ್ತವೆ. ಡಬ್ಬಕ್ಕೆ ಸುತ್ತಿ ಮರೆತ ರಬ್ಬರ್ ಬ್ಯಾಂಡು, ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದ್ದಕ್ಕಿಂತ ಬೇಗ ತುಂಡಾಗುವುದು ಇದಕ್ಕೇ. ಎಂಜಿನ್ನಿನಿಂದ ಸೋರುವ ಎಣ್ಣೆಯೂ ಶತ್ರು. ಎಣ್ಣೆಯೂ ರಬ್ಬರಿನಂತೆ ಹೈಡ್ರೋಕಾರ್ಬನ್ನೇ ಆದ್ದರಿಂದ ಒಳಹೊಕ್ಕು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಹೊಸ ಬುಷ್ ಕೂರಿಸುವಾಗ ಗ್ರೀಸ್ ಬದಲು ಸೋಪಿನ ನೀರು ಬಳಸಬೇಕು.

ಬಿಚ್ಚುವಾಗ ನಿಜವಾಗಿ ಹೆದರಬೇಕಾದದ್ದು ಕಾಯಿಲ್ ಸ್ಪ್ರಿಂಗಿಗೆ. ಅದು ತೋಳಿನ ನಡುಭಾಗದಲ್ಲಿ ಕೂತಿರುವುದರಿಂದ ಸನ್ನೆಯ ನಿಯಮದಂತೆ ಚಕ್ರದ ಮೇಲಿನ ಭಾರಕ್ಕಿಂತಲೂ ಹೆಚ್ಚಿನ ಬಲದಲ್ಲಿ ಅದುಮಿಕೊಂಡಿರುತ್ತದೆ. ಕೆಳಗೆ ಜ್ಯಾಕ್ ಕೊಟ್ಟು ನಿಧಾನವಾಗಿ ಇಳಿಸದೆ ಬೋಲ್ಟ್ ಕಳಚಿದರೆ ಪ್ರಾಣಕ್ಕೇ ಅಪಾಯ.

ಹೊಸದಾಗಿ ಯಾವುದು ಹಾಕಬೇಕು ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಎಣ್ಣೆಗೆ ಜಗ್ಗದು, ತಿರುವಿನಲ್ಲಿ ಗಟ್ಟಿ ಹಿಡಿತ ಕೊಡುತ್ತದೆ. ಆದರೆ ಅದು ಸಾಮಾನ್ಯವಾಗಿ ತಿರುಚಿಕೊಳ್ಳದೆ ಜಾರುತ್ತದೆ, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ, ರಸ್ತೆಯ ಒರಟುತನವನ್ನು ಸೀಟಿನವರೆಗೆ ತರುತ್ತದೆ. ರೇಸಿಗೆ ಸರಿ. ರಸ್ತೆಯಲ್ಲಿ ಓಡಿಸುವವರಿಗೆ ನಾನು ಹೇಳುವುದು, 1973ರಲ್ಲಿ ಬಂದ ಎಂಟು ಸಿಲಿಂಡರಿನ ಎಂಜಿಬಿಯ, ಅಂದರೆ ವಿ8 ಮಾದರಿಯ ಬುಷ್. ಹಳೆಯದರಂತೆ ಎರಡು ಹೋಳಿನದಲ್ಲ, ಉಕ್ಕಿನ ಕೊಳವೆ ಸೇರಿದ ಒಂದೇ ತುಂಡು. ನಾಲ್ಕು ಸಿಲಿಂಡರಿನ ಕಾರಿಗೂ ಹೊಂದುತ್ತದೆ.

ಇಷ್ಟೆಲ್ಲ ಮಾಡಿ ಕೊನೆಯಲ್ಲಿ ಎಡವುವವರೇ ಹೆಚ್ಚು. ಕಾರು ಸ್ಟ್ಯಾಂಡಿನ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬುಷ್ ಹಿಡಿಯುವ ನಟ್ ಬಿಗಿದುಬಿಡುತ್ತಾರೆ. ರಬ್ಬರು ಆ ಕೋನದಲ್ಲೇ, ತಿರುಚಿಕೊಳ್ಳದ ಸ್ಥಿತಿಯಲ್ಲಿ, ಕಚ್ಚಿಕೊಂಡುಬಿಡುತ್ತದೆ. ಕಾರು ನೆಲಕ್ಕಿಳಿದಾಗ ತೋಳು 15 ಡಿಗ್ರಿ ಮೇಲೇರಿತು ಎಂದುಕೊಳ್ಳಿ. ಆಮೇಲೆ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ರಬ್ಬರು ಹಗಲೂ ರಾತ್ರಿ ಅಷ್ಟು ಡಿಗ್ರಿ ತಿರುಚಿಕೊಂಡೇ ಇರುತ್ತದೆ, ಡಬ್ಬಕ್ಕೆ ಸುತ್ತಿದ ಬ್ಯಾಂಡಿನ ಹಾಗೆ. ಗುಂಡಿ ಸಿಕ್ಕಾಗ ಅದರ ಮೇಲೆ ಇನ್ನಷ್ಟು ತಿರುಚು. ಅಂಥ ಬುಷ್ ಬೇಗ ಹರಿಯುತ್ತದೆ.

ಅದಕ್ಕೇ ನಟ್‌ಗಳನ್ನು ಮೊದಲು ಬೆರಳಬಿಗಿಗೆ ಮಾತ್ರ ಹಾಕಬೇಕು. ಚಕ್ರಗಳನ್ನು ದಪ್ಪ ಹಲಗೆಗಳ ಮೇಲಿಳಿಸಿ, ಕಾರಿನ ಮುಂಭಾಗವನ್ನು ನಾಲ್ಕು ಬಾರಿ ಅದುಮಿ ಬಿಟ್ಟು, ಅದು ತನ್ನ ಎತ್ತರಕ್ಕೆ ತಾನೇ ಬಂದು ನಿಂತ ಮೇಲೆ ಕೆಳಗೆ ತೂರಿ ಪೂರ್ತಿ ಬಿಗಿದು, ನಟ್ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕಬೇಕು.